ತಳ ಕಳೆದ ಸೊಂಟ

ನಾನು ಒಂದು ಸೊಂಟ. ತಲೆ ಇಲ್ಲ, ಕೈಕಾಲಿಲ್ಲ, ಬರೀ ಸೊಂಟ. ಪುಸ್ತಕದವರು ನನ್ನನ್ನು ಶ್ರೋಣಿ ಎನ್ನುತ್ತಾರೆ, ನರ್ಸಮ್ಮಗಳು ಪೆಲ್ವಿಸ್ ಎನ್ನುತ್ತಾರೆ, ಮನೆಗೆ ಬಂದ ನೆಂಟರು ತಲೆಬುರುಡೆಯೇನೋ ಅಂದುಕೊಂಡು ಹೆದರುತ್ತಾರೆ. ತಲೆಬುರುಡೆಗಿರುವ ಮರ್ಯಾದೆ ನನಗೆ ಯಾವತ್ತೂ ಸಿಕ್ಕಿಲ್ಲ ಬಿಡಿ. ಅದನ್ನು ಡಾಕ್ಟರು ಮೇಜಿನ ಮೇಲಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನನ್ನು ಕಂಡರೆ ಜನ ಮೊದಲು ಮಾಡುವ ಕೆಲಸ ಬಟ್ಟೆ ಮುಚ್ಚುವುದು.

ಹುಟ್ಟಿದ್ದು ತಗಡಿನ ಷೆಡ್ಡಿನಲ್ಲಿ. ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಸುರಿದರು, ತಣಿದ ಮೇಲೆ ಬಡಿದು ಹೊರಗೆ ತೆಗೆದರು. ಎರಡು ಪಕ್ಕಕ್ಕೂ ಅಗಲವಾದ ಎಲುಬು, ಹಿಂದೆ ಮೂರು ಮೂಲೆಯ ಎಲುಬು, ಅದರ ತುದಿಗೆ ಪುಟ್ಟದೊಂದು ಬಾಲದೆಲುಬು, ಮುಂದೆ ಎರಡೂ ಬಂದು ಕೂಡುವ ಕಮಾನು, ನಡುವೆ ಬೋಗುಣಿಯಂಥ ಜಾಗ. ನಾನು ಹೆಂಗಸಿನ ಸೊಂಟವಾದ್ದರಿಂದ ಬೋಗುಣಿ ಅಗಲ. ಪಕ್ಕದ ಸಾಲಿನಲ್ಲಿ ತಯಾರಾಗುತ್ತಿದ್ದ ಗಂಡಸಿನ ಸೊಂಟ ಇಕ್ಕಟ್ಟು. ಕೊನೆಗೆ ಒಬ್ಬ ಹೆಂಗಸು ಕೆಂಪು ರಬ್ಬರಿನ ಹಾಳೆಯೊಂದನ್ನು ತಂದು ನನ್ನ ಅಡಿಗೆ ಟಿಚ್ ಬಟನ್ನುಗಳಿಂದ ಸಿಕ್ಕಿಸಿದಳು. ಅದು ನನ್ನ ತಳ. ಮುಂದಿನ ಕಮಾನಿನಿಂದ ಹಿಂದಿನ ಬಾಲದೆಲುಬಿನವರೆಗೆ ಜೋಳಿಗೆಯ ಹಾಗೆ ಹರಡಿದ ಸ್ನಾಯು. ಮೂತ್ರದ ಚೀಲ, ಗರ್ಭಕೋಶ, ಮಲದ ಕರುಳು, ಎಲ್ಲದರ ಭಾರವನ್ನೂ ಕೆಳಗಿನಿಂದ ಹೊರುವುದು ಅದೇ. ಅದು ಬಿಗಿಯಾದರೆ ಬಾಗಿಲು ಮುಚ್ಚುತ್ತದೆ, ಸಡಿಲವಾದರೆ ತೆರೆಯುತ್ತದೆ. ಇಷ್ಟು ಮುಖ್ಯವಾದದ್ದನ್ನು ಹೋಗಿ ಹೋಗಿ ಟಿಚ್ ಬಟನ್ನಿನಲ್ಲಿ ಸಿಕ್ಕಿಸಿದರಲ್ಲ, ನನ್ನ ಹಣೆಬರಹ ಅಲ್ಲಿಂದಲೇ ಶುರುವಾಯಿತು.

ನನ್ನನ್ನು ತಂದದ್ದು ಮಲಪ್ರಭೆ ಸೀಮೆಯ ಒಂದು ಊರಿನ ನರ್ಸ್ ತರಬೇತಿ ಶಾಲೆಗೆ. ಅಲ್ಲಿ ಹೆರಿಗೆಯ ಪಾಠ ಮಾಡುತ್ತಿದ್ದವರು ದಾಕ್ಷಾಯಿಣಿ ಮೇಡಂ. ಮೊದಲ ಪಾಠದ ದಿನವೇ ನನ್ನ ತಳ ಹೋಯಿತು. ಮಗು ಹೇಗೆ ತಿರುಗಿ ತಿರುಗಿ ಹೊರಗೆ ಬರುತ್ತದೆಂದು ತೋರಿಸಲು ಮೇಡಂ ಒಂದು ಬಟ್ಟೆ ಗೊಂಬೆಯನ್ನು ನನ್ನ ಬೋಗುಣಿಯೊಳಗೆ ಇಳಿಸಿದರು. ಗೊಂಬೆಯ ತಲೆ ರಬ್ಬರಿಗೆ ಸಿಕ್ಕಿಕೊಂಡಿತು. ಒತ್ತಿದರು, ತಿರುಗಿಸಿದರು, ಎಳೆದರು. ಊಹೂಂ. ಹುಡುಗಿಯರು ಕಿಸಕ್ಕೆಂದರು. ಮೇಡಂ ಪಟಪಟನೆ ಬಟನ್ ಬಿಚ್ಚಿ ರಬ್ಬರನ್ನು ಕಿತ್ತು ಕಪಾಟಿನೊಳಗೆ ಎಸೆದರು. ಆಮೇಲೆ ಗೊಂಬೆ ಸರಾಗವಾಗಿ ಇಳಿಯಿತು. ಮುಂದಿನ ಬೇಸಿಗೆಯ ಹೊತ್ತಿಗೆ ರಬ್ಬರು ಅಂಟಂಟಾಗಿ ಹೋಗಿತ್ತು, ಜವಾನ ಅದನ್ನು ಕಸದ ಜೊತೆ ಗುಡಿಸಿಕೊಂಡು ಹೋದ.

ಅಂದಿನಿಂದ ಆ ಶಾಲೆಯಲ್ಲಿ ಕಲಿತ ಹುಡುಗಿಯರೆಲ್ಲ ತಳವಿಲ್ಲದ ಸೊಂಟವನ್ನೇ ನೋಡಿ ಕಲಿತರು. ಎಲುಬಿನ ಅಗಲ, ಉದ್ದ, ಕೋನ ಎಲ್ಲ ಬಾಯಿಪಾಠ ಮಾಡಿದರು. ಪಾಸಾಗಿ ಊರೂರಿಗೆ ಹೋದರು. ಬಾಣಂತಿ ಏನು ತಿನ್ನಬೇಕು, ಕೂಸಿಗೆ ಯಾವಾಗ ಸೂಜಿ ಹಾಕಿಸಬೇಕು ಎಂದೆಲ್ಲ ಹೇಳಿದರು. ಹೆರಿಗೆಯಲ್ಲಿ ಹಿಗ್ಗಿ ಸೋತ ಆ ಸ್ನಾಯುವನ್ನು ಮತ್ತೆ ಬಿಗಿ ಮಾಡಿಕೊಳ್ಳುವುದು ಹೇಗೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಪಾಪ, ಅವರ ತಪ್ಪಲ್ಲ. ನೋಡದೇ ಇದ್ದದ್ದನ್ನು ಎಲ್ಲಿಂದ ಹೇಳುತ್ತಾರೆ?

ನಾನು ಇರುತ್ತಿದ್ದದ್ದು ಮೇಡಂ ಅವರ ಮೇಜಿನ ಮೇಲೆ. ಹಾಗಾಗಿ ಜನರ ಮುಖಕ್ಕಿಂತ ನನಗೆ ಅವರ ಸೊಂಟವೇ ಹೆಚ್ಚು ಪರಿಚಯ. ಮೇಡಂ ಅವರನ್ನು ಹುಡುಗಿಯರು ಸಿಡುಕಿ ಎಂದು ಕರೆಯುತ್ತಿದ್ದರು. ಅವರು ಪಾಠದಲ್ಲಿ ನಗುತ್ತಿರಲಿಲ್ಲ, ಯಾರಾದರೂ ನಗಿಸಿದರೆ ಸಿಟ್ಟಾಗುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ನಗು ಬಂದರೆ ಅವರು ಕಾಲಿಗೆ ಕಾಲು ಹೆಣೆದು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಸೀನು ಬಂದರೂ ಅಷ್ಟೆ, ಕೆಮ್ಮು ಬಂದರೂ ಅಷ್ಟೆ. ಮಗಳು ವಿಶಾಲಾ ಹುಟ್ಟಿದಾಗ ಕೂಸು ದೊಡ್ಡದು, ಹೆರಿಗೆ ಕಷ್ಟದ್ದು. ಆಮೇಲೆ ಹೊಟ್ಟೆ ಇಳಿಯಲೆಂದು ಅತ್ತೆ ಹಳೆ ಸೀರೆಯಿಂದ ಬಿಗಿಯಾಗಿ ಕಟ್ಟಿದ್ದರು. ಆ ಬಿಗಿ ಹೊಟ್ಟೆಯನ್ನೇನೋ ಒಳಗೆ ತಳ್ಳಿತು, ತಳದ ಮೇಲಿನ ಭಾರವನ್ನು ಹೆಚ್ಚಿಸಿತು. ಬಾಣಂತನ ಮುಗಿಯುವ ಮೊದಲೇ ಮೇಡಂ ವಾರ್ಡಿಗೆ ಬಂದು ರೋಗಿಗಳನ್ನು ಎತ್ತಿ ಮಲಗಿಸಿದರು. ಆವತ್ತಿನಿಂದ ಹನಿ ಹನಿ ಸೋರುತ್ತಲೇ ಇತ್ತು. ಸಂಜೆಯಾದರೆ ಕೆಳಗೆ ಏನೋ ಇಳಿದು ಬಂದ ಹಾಗೆ ಭಾರ. ಹೆರಿಗೆಯ ಪಾಠ ಹೇಳುವವರೇ ಇದನ್ನು ಯಾರಿಗೆ ಹೇಳುವುದು? ಬಟ್ಟೆ ಮಡಿಸಿಟ್ಟುಕೊಂಡು, ಹಲ್ಲು ಕಚ್ಚಿಕೊಂಡು, ನಗದೆ ನೌಕರಿ ಮುಗಿಸಿದರು.

ಅವರು ನಿವೃತ್ತರಾದ ವರ್ಷ ಶಾಲೆಗೆ ಹೊಸ ಮಾದರಿಗಳು ಬಂದವು. ನನ್ನನ್ನು ಗುಜರಿಗೆ ಹಾಕಲು ಗೋಣಿಚೀಲದಲ್ಲಿ ತುಂಬಿದ್ದರು. ಮೇಡಂ ಬಂದು ಚೀಲದಿಂದ ತೆಗೆದು ಮನೆಗೆ ಒಯ್ದರು. ಮಲಗುವ ಕೋಣೆಯ ಕಪಾಟಿನ ಮೇಲೆ, ಕಿಟಕಿಯ ಪಕ್ಕ, ಒಂದು ಬಿಳಿ ಬಟ್ಟೆ ಹೊದಿಸಿ ಕೂರಿಸಿದರು. ಪ್ರೀತಿಗೆ ಅಂದುಕೊಂಡೆ. ಪ್ರೀತಿಯೂ ಇತ್ತೇನೋ. ಆದರೆ ಮರುದಿನವೇ ಅವರು ತಮ್ಮ ಮಡಿಸಿದ ಬಟ್ಟೆಗಳನ್ನೆಲ್ಲ ತಂದು ನನ್ನ ಬೋಗುಣಿಯೊಳಗೆ ಒಟ್ಟಿದರು. ನನ್ನ ಹತ್ತಿರ ಯಾರೂ ಕೈ ಹಾಕುವುದಿಲ್ಲವಲ್ಲ, ಅದಕ್ಕಿಂತ ಒಳ್ಳೆಯ ಜಾಗ ಆ ಮನೆಯಲ್ಲಿ ಇರಲಿಲ್ಲ.

ಮೇಡಂ ಅವರ ಗಂಡ ಕಲ್ಲಪ್ಪ ವಸ್ತಾದರು. ಊರಿನ ಗರಡಿಮನೆಗೆ ಅವರೇ ಗುರು. ಎಂಥ ಆಳು! ಬಾಗಿಲಲ್ಲಿ ನಿಂತರೆ ಕೋಣೆಗೆ ಕತ್ತಲೆ. ಗರಡಿಯ ಮಣ್ಣೆಂದರೆ ಅವರಿಗೆ ದೇವರ ಗುಡಿ. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಹದ ಮಾಡುತ್ತಿದ್ದರು. ಮಿಂದು, ಲಂಗೋಟ ಕಟ್ಟಿ, ಮಣ್ಣಿಗೆ ಹಣೆ ಮುಟ್ಟಿಸಿಯೇ ಕಣಕ್ಕೆ ಇಳಿಯಬೇಕು. ಮೈಲಿಗೆಯಾದವರು ಹೊಸ್ತಿಲ ಹೊರಗೆ. ಒಮ್ಮೆ ಒಬ್ಬ ಪೈಲ್ವಾನ ಕಣದಲ್ಲಿ ಉಗುಳಿದನೆಂದು ಆ ವರ್ಷವಿಡೀ ಅವನನ್ನು ಒಳಗೆ ಬಿಟ್ಟಿರಲಿಲ್ಲ ಎಂದು ಅವರೇ ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ.

ಅಂಥವರಿಗೆ ಒಂದು ದಿನ ಮೂತ್ರ ಕಟ್ಟಿತು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಎಂದು ಆಪರೇಷನ್ ಮಾಡಿದರು. ಕಟ್ಟಿದ್ದು ಬಿಟ್ಟಿತು, ಆದರೆ ಬಿಟ್ಟದ್ದು ಮತ್ತೆ ಹಿಡಿತಕ್ಕೆ ಬರಲಿಲ್ಲ. ಕುರ್ಚಿಯಿಂದ ಎದ್ದರೆ ಹನಿ, ಬಗ್ಗಿದರೆ ಹನಿ. ಅವರು ಯಾರಿಗೂ ಬಾಯಿ ಬಿಡಲಿಲ್ಲ. ಗರಡಿಗೆ ಹೋಗುವುದನ್ನು ನಿಲ್ಲಿಸಿದರು. ಹಿರಿಯ ಶಿಷ್ಯ ಯಮನಪ್ಪ ಕೇಳಲು ಬಂದರೆ ಇನ್ನೂ ಹೊಲಿಗೆ ಹಸಿ ಐತಿ ಎಂದು ಸಾಗಹಾಕಿದರು. ಹೊಲಿಗೆಯೇ ಇರಲಿಲ್ಲ, ಮೂತ್ರದ ದಾರಿಯಿಂದಲೇ ದೂರ್ಬೀನು ತೂರಿಸಿ ಮಾಡಿದ ಆಪರೇಷನ್ ಅದು.

ಒಂದು ಮಧ್ಯಾಹ್ನ ಮೇಡಂ ಹಿತ್ತಲಲ್ಲಿದ್ದಾಗ ವಸ್ತಾದರು ಕಪಾಟಿನ ಮುಂದೆ ಬಂದು ನಿಂತರು. ಅತ್ತ ಇತ್ತ ನೋಡಿ ನನ್ನ ಮೇಲಿನ ಬಟ್ಟೆ ಸರಿಸಿದರು. ಬೋಗುಣಿಯೊಳಗೆ ಮಡಿಸಿಟ್ಟ ಮೆತ್ತನೆ ಬಟ್ಟೆ ಕಂಡಿತು. ಒರೆಸುವ ಅರಿವೆಯೆಂದು ತಿಳಿದಿರಬೇಕು, ಎರಡು ಎಳೆದುಕೊಂಡು ಹೋದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಬಟ್ಟೆಯ ಅಟ್ಟಿ ಕರಗುತ್ತಾ ಬಂದದ್ದನ್ನು ಮೇಡಂ ನೋಡಿದರು. ನೋಡಿ ಸ್ವಲ್ಪ ಹೊತ್ತು ಮಂಚದ ಮೇಲೆ ಕೂತರು. ಆಮೇಲೆ ಇನ್ನೊಂದು ಹಳೆ ಸೀರೆ ಹರಿದು, ಮಡಿಸಿ, ಅಟ್ಟಿಯನ್ನು ಮೊದಲಿನಷ್ಟೇ ಎತ್ತರ ಮಾಡಿ ಇಟ್ಟರು. ಹೀಗೆ ಗಂಡ ಹೆಂಡತಿ ಇಬ್ಬರೂ ಒಂದೇ ಅಟ್ಟಿಯಿಂದ ಬಟ್ಟೆ ತೆಗೆದುಕೊಂಡು, ಬೇರೆ ಬೇರೆ ಹೊತ್ತಿನಲ್ಲಿ ಒಗೆದು, ಬೇರೆ ಬೇರೆ ಕಡೆ ಒಣಗಿಸಿ ಸಂಸಾರ ಮಾಡಿದರು. ಬಾಯಿದ್ದಿದ್ದರೆ ನಾನು ಕೂಗಿ ಹೇಳಿಬಿಡುತ್ತಿದ್ದೆ. ಸೊಂಟಕ್ಕೆ ಎಲ್ಲಿಯ ಬಾಯಿ?

ಪಂಚಮಿ ಹತ್ತಿರ ಬಂತು. ಆ ಊರಿನಲ್ಲಿ ನಾಗರಪಂಚಮಿಗೆ ಗರಡಿಯಲ್ಲಿ ಕುಸ್ತಿ. ವಸ್ತಾದರೇ ಮೊದಲು ಕಣಕ್ಕಿಳಿದು, ಮಣ್ಣು ಪೂಜೆ ಮಾಡಿ, ಹಿರಿಯ ಶಿಷ್ಯನ ಜೊತೆ ಒಂದು ಪಟ್ಟು ಹಾಕಬೇಕು. ಆಮೇಲೇ ಉಳಿದವರು. ವಸ್ತಾದರಿಗೆ ಬೇರೆ ಏನೂ ಬೇಕಿರಲಿಲ್ಲ, ಈ ಪಂಚಮಿಗೆ ಕಣಕ್ಕೆ ಇಳಿಯಬೇಕು, ಅಷ್ಟೆ. ಅನ್ನ ಸೇರುತ್ತಿರಲಿಲ್ಲ, ಕಿಟಕಿಯಿಂದ ಗರಡಿಯ ಓಣಿಯನ್ನೇ ನೋಡುತ್ತಾ ಕೂರುತ್ತಿದ್ದರು. ಮೇಡಂ ಅವರಿಗೆ ಸಂಕಟ ತಡೆಯಲಾಗಲಿಲ್ಲ. ಆಪರೇಷನ್ ಆದವರೆಲ್ಲ ಒಮ್ಮೆ ತೋರಿಸಬೇಕಂತೆ ಎಂದು ಏನೋ ನೆಪ ಹೇಳಿ ಅವರನ್ನು ಅಶ್ಫಾಕ್ ಎಂಬ ಫಿಜಿಯೋಥೆರಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆ ಹುಡುಗ ಆಗಷ್ಟೇ ಒಂದು ಕೋಣೆಯಲ್ಲಿ ದವಾಖಾನೆ ತೆರೆದಿದ್ದ, ತೋರಿಸಲು ಮಾದರಿ ಇರಲಿಲ್ಲ. ಹಾಗಾಗಿ ಕೈಚೀಲದಲ್ಲಿ ನನ್ನನ್ನೂ ಒಯ್ದರು.

ಅಶ್ಫಾಕ್ ನನ್ನನ್ನು ತಿರುಗಿಸಿ ನೋಡಿದ. ಇದರ ತಳ ಎಲ್ಲಿ ಮೇಡಂ ಎಂದು ಕೇಳಿದ. ಕಳೆದಿದೆ ಎಂದಷ್ಟೇ ಹೇಳಿ ಮೇಡಂ ಸೆರಗು ಸರಿಮಾಡಿಕೊಂಡರು. ಅವನು ತನ್ನ ಎರಡೂ ಅಂಗೈಗಳನ್ನು ಬೆರಳಿಗೆ ಬೆರಳು ಹೆಣೆದು ನನ್ನ ಅಡಿಗೆ ಹಿಡಿದ. ವಸ್ತಾದರು ಮುಖ ತಿರುಗಿಸಿದರು. ಹೆಂಗಸಿನ ಎಲುಬು ತೋರಿಸಿ ನನಗೇನು ಹೇಳುತ್ತೀ ಎಂಬ ಸಿಟ್ಟು. ಅಶ್ಫಾಕ್ ಬೇಸರ ಮಾಡಿಕೊಳ್ಳಲಿಲ್ಲ. ಎಲುಬಿನ ಅಳತೆ ಬೇರೆ, ಬಾಗಿಲು ಹೆಂಗಸರಿಗೆ ಮೂರು, ಗಂಡಸರಿಗೆ ಎರಡು, ಆದರೆ ತಳದ ಸ್ನಾಯು ಇಬ್ಬರಿಗೂ ಒಂದೇ ಎಂದ. ಮೂತ್ರದ ಚೀಲದ ಕೆಳಗೆ ಕೂತಿದ್ದ ಆ ಗ್ರಂಥಿಯೂ ಇಷ್ಟು ದಿನ ಬಾಗಿಲು ಹಿಡಿಯಲು ಕೈಜೋಡಿಸುತ್ತಿತ್ತು. ಈಗ ಅದರ ಬಹುಪಾಲು ಇಲ್ಲ, ಹೆಚ್ಚಿನ ಭಾರವನ್ನು ಸ್ನಾಯುವೇ ಹೊರಬೇಕು, ಅದಕ್ಕೆ ಕಲಿಸಬೇಕು ಎಂದ.

"ವಸ್ತಾದರ, ಗಾಳಿ ಹೋಗದಂಗ ತಡೀತೀವಲ್ರಿ, ಹಂಗ ಒಳಗ ಮ್ಯಾಲಕ್ಕ ಎಳಕೋರಿ. ಹೊಟ್ಟಿ ಬಿಗೀಬ್ಯಾಡ್ರಿ, ತೊಡಿ ಬಿಗೀಬ್ಯಾಡ್ರಿ. ಉಸಿರು ಆಡಕೋಂತನ ಇರ್ರಿ. ಆಮ್ಯಾಲೆ ಪೂರ್ತಿ ಸಡ್ಲ ಬಿಡ್ರಿ."

ಹೆಣೆದ ಅಂಗೈಗಳನ್ನು ಮೆಲ್ಲಗೆ ಮೇಲೆತ್ತಿ, ಮೆಲ್ಲಗೆ ಇಳಿಸಿ ತೋರಿಸಿದ. ಎಷ್ಟೋ ವರ್ಷದ ಮೇಲೆ ನನ್ನ ಅಡಿಯಲ್ಲಿ ಒಂದು ತಳವಿತ್ತು. ತಿಂಗಳುಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಬೇಡಿ ಎಂದ. ಹೊರಡುವಾಗ ವಸ್ತಾದರು ಚಪ್ಪಲಿ ಹುಡುಕುತ್ತಿದ್ದರು. ಮೇಡಂ ಹಿಂದೆ ಉಳಿದದ್ದನ್ನು ಕಂಡು, ನಿಮಗೇನಾದರೂ ಕೇಳುವುದಿದೆಯೇ ಎಂದ ಅಶ್ಫಾಕ್. ಅವರ ಬಾಯಿ ತೆರೆಯಿತು. ನನ್ನನ್ನು ಚೀಲಕ್ಕೆ ಹಾಕುತ್ತಾ, ತನಗೇನಿಲ್ಲ ಎಂದರು.

ಮನೆಗೆ ಬಂದ ಮೇಲೆ ವಸ್ತಾದರು ಮಾಡಿದ ತಪ್ಪು ಪೈಲ್ವಾನ ಮಾತ್ರ ಮಾಡುವಂಥದ್ದು. ಜೀವಮಾನವಿಡೀ ಅವರು ಕಲಿತದ್ದೂ ಕಲಿಸಿದ್ದೂ ಒಂದೇ: ದಮ್ಮು ಕಟ್ಟು, ಹೊಟ್ಟೆ ಬಿಗಿ, ತೊಡೆ ನೆಡು, ಆಮೇಲೆ ಎತ್ತು. ಈ ಸ್ನಾಯುವನ್ನೂ ಹಾಗೇ ಪಳಗಿಸಲು ಹೊರಟರು. ಬೆಳಗಾದರೆ ಕೋಣೆಯ ಬಾಗಿಲು ಹಾಕಿಕೊಂಡು ಉಸಿರು ಬಿಗಿಹಿಡಿದು, ಕುತ್ತಿಗೆಯ ನರ ಉಬ್ಬಿಸಿ, ಹ್ಞೂಂ ಎಂದು ತಿಣುಕುತ್ತಿದ್ದರು. ಬಸ್ಕಿ ಬೇರೆ. ಅಯ್ಯೋ, ಆ ತಿಣುಕಾಟದ ಭಾರವೆಲ್ಲ ಸೋತ ತಳದ ಮೇಲೆಯೇ ಬೀಳುತ್ತಿತ್ತು. ಮೇಲೆ ಎಳೆದುಕೊಳ್ಳಬೇಕಾದದ್ದನ್ನು ಕೆಳಗೆ ನೂಕುತ್ತಿದ್ದರು. ಅಟ್ಟಿಯ ಬಟ್ಟೆ ಮೊದಲಿಗಿಂತ ಬೇಗ ಕರಗತೊಡಗಿತು.

ಅಡುಗೆಮನೆಯಿಂದ ಮೇಡಂ ಆ ಸದ್ದು ಕೇಳುತ್ತಿದ್ದರು. ಅವರೂ ಅಶ್ಫಾಕ್ ಹೇಳಿದ್ದನ್ನು ಒಲೆಯ ಮುಂದೆ ನಿಂತು ಗುಟ್ಟಾಗಿ ಮಾಡತೊಡಗಿದ್ದರು. ಉಸಿರು ಬಿಟ್ಟರೆ ಮಾತ್ರ ಆ ಸ್ನಾಯು ಮೇಲೇಳುತ್ತದೆ ಎಂದು ಅವರಿಗೆ ತಿಳಿದಿತ್ತು. ಒಂದು ದಿನ ಬಾಗಿಲಾಚೆಯಿಂದ, ಡಾಕ್ಟರು ಉಸಿರಾಡಬೇಕು ಅಂದಿದ್ದರಲ್ಲ ಎಂದರು. ಉಸಿರು ಕಟ್ಟದ ಸಾಮು ಎಂಥದ್ದು, ನನಗೆ ಕಲಿಸಲು ಬರುತ್ತೀಯಾ ಎಂದು ವಸ್ತಾದರು ಗದರಿದರು. ನಾನೂ ಮಾಡುತ್ತಿದ್ದೇನೆ, ನನಗೆ ಹೀಗಾಗುತ್ತದೆ ಎಂದು ಒಂದು ಮಾತು ಹೇಳಿದ್ದರೆ ಅವರು ಕೇಳುತ್ತಿದ್ದರೇನೋ. ಮೇಡಂ ಅದನ್ನು ಹೇಳದೆ ಒಲೆಯ ಮುಂದಕ್ಕೆ ಹೋದರು. ನನಗೆ ಅವರ ಮೇಲೆ ಸಿಟ್ಟು ಬಂದದ್ದು ಅದೊಂದೇ ಸಲ.

ಪಂಚಮಿಯ ದಿನ ವಸ್ತಾದರು ಮಿಂದು, ದಪ್ಪಗೆ ಬಟ್ಟೆ ಮಡಿಸಿಟ್ಟು, ಅದರ ಮೇಲೆ ಲಂಗೋಟ ಬಿಗಿದು ಹೊರಟರು. ನಡಿಗೆಯಲ್ಲಿ ಹಳೆಯ ಗತ್ತು ಇತ್ತು. ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಸಂಜೆ ಹಿತ್ತಲ ಬಾಗಿಲಲ್ಲಿ ಯಮನಪ್ಪ ಮೇಡಂ ಅವರಿಗೆ ತಲೆ ತಗ್ಗಿಸಿಕೊಂಡು ಹೇಳಿದ್ದನ್ನು ಕೇಳಿದ್ದೇನೆ. ವಸ್ತಾದರು ಮಣ್ಣು ಪೂಜೆ ಮಾಡಿದರು. ಯಮನಪ್ಪನ ಸೊಂಟಕ್ಕೆ ಕೈ ಹಾಕಿ, ದಮ್ಮು ಕಟ್ಟಿ, ಮೇಲಕ್ಕೆತ್ತಿದರು. ಎತ್ತಿದ್ದೇ ತಡ, ಬಟ್ಟೆ ಮೀರಿ, ತೊಡೆಗುಂಟ ಇಳಿದು, ಮಣ್ಣು ಒದ್ದೆಯಾಯಿತು. ಸುತ್ತ ನಿಂತವರು ಹಲಗೆ ಬಾರಿಸುವುದನ್ನು ನಿಲ್ಲಿಸಲಿಲ್ಲ. ಯಾರೂ ನೋಡದವರ ಹಾಗೆ ಇದ್ದರು. ಯಮನಪ್ಪ ಕಾಲಿನಿಂದ ಒಣ ಮಣ್ಣು ಎಳೆದು ಮುಚ್ಚಿದ. ವಸ್ತಾದರು ಆ ಜಾಗವನ್ನೇ ನೋಡುತ್ತಾ ನಿಂತು, ಆಮೇಲೆ ಒಬ್ಬರೇ ನಡೆದು ಮನೆಗೆ ಬಂದರು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದರು. ಎರಡು ದಿನ ಬಿಟ್ಟು ಬೆಳಿಗ್ಗೆ ವಸ್ತಾದರು ಕಿಟಕಿಯಲ್ಲಿ ಕೂತಿದ್ದಾಗ ಗರಡಿಯ ಓಣಿಯಿಂದ ಟ್ರ್ಯಾಕ್ಟರೊಂದು ಕೆಂಪು ಮಣ್ಣು ಹೇರಿಕೊಂಡು ಹೊರಗೆ ಬಂತು. ಮಧ್ಯಾಹ್ನ ಇನ್ನೊಂದು ಟ್ರ್ಯಾಕ್ಟರು ಹೊಸ ಮಣ್ಣು ಹೇರಿಕೊಂಡು ಒಳಗೆ ಹೋಯಿತು. ಹಿಂದೆ ಹುಡುಗರು ಮಜ್ಜಿಗೆಯ ಕೊಡ ಹೊತ್ತು ನಡೆದರು. ಶಿಷ್ಯರು ಕೆಟ್ಟವರಲ್ಲ. ಮೈಲಿಗೆಯಾದ ಮಣ್ಣು ತೆಗೆಯಬೇಕೆಂದು ಅವರಿಗೆ ಕಲಿಸಿದ್ದೇ ವಸ್ತಾದರು. ಗುರುವಿಗೆ ನೋವಾಗದಿರಲಿ ಎಂದು ಹೇಳದೆ ಮಾಡಿದ್ದರು. ಯಮನಪ್ಪ ಬಂದಾಗ ವಸ್ತಾದರು ಕೇಳಿದರು. ಹಳೆ ಮಣ್ಣು ಗಟ್ಟಿಯಾಗಿತ್ತು ಎಂದ ಅವನು. ಶಿವರಾತ್ರಿಗೆ ತಾವೇ ಹದ ಮಾಡಿದ ಮಣ್ಣದು ಎಂದು ವಸ್ತಾದರಿಗೆ ಗೊತ್ತಿರಲಿಲ್ಲವೇ? ಸರಿ ಎಂದು ತಲೆಯಾಡಿಸಿ ಅವನನ್ನು ಕಳಿಸಿದರು.

ಆ ಮೇಲೆ ಅವರು ಗೋಡೆಗೆ ಮುಖ ಮಾಡಿ ಮಲಗಿದರು. ಊಟ ಬೇಡವೆಂದರು. ಮೇಡಂ ಬಂದು ಮಂಚದ ತುದಿಗೆ ಕೂತರು. ಕೊನೆಗೆ ಅವರ ಕಟ್ಟೆ ಒಡೆಯಿತು.

"ನೀವು ಒಂದ್ ದಿನ ನಿಂತ ಮಣ್ಣು ತಗದ್ರು ಅಂತ ಇಷ್ಟು ಸಂಕಟ ಪಡಾಕತ್ತೀರಿ. ನಂದೂ ಹಂಗ ಐತ್ರಿ, ವಿಶಾಲಾ ಹುಟ್ಟಿದಾಗಿಂದ. ಅಡಗಿಮನಿ, ದೇವರ ಜಗಲಿ, ಸಾಲಿ... ನಾ ನಿಂತ ನೆಲ ಎಷ್ಟು ಅಗೀಬೇಕಿತ್ರಿ?"

ವಸ್ತಾದರು ಮೆಲ್ಲಗೆ ಹೊರಳಿದರು. ಹೆಂಡತಿಯ ಮುಖವನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಕಣ್ಣು ನನ್ನ ಕಡೆಗೆ ಬಂತು.

"ಕಪಾಟಿನ ಮ್ಯಾಲಿನ ಅರಿವಿ ನಿಂದೇನು?"

"ಹೌದ್ರಿ."

"ನಾ ಒರಸೂ ಅರಿವಿ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಆ ದೊಡ್ಡ ಆಳು ಅತ್ತುಬಿಟ್ಟರು. ಮೇಡಂ ಕೂಡ ಅತ್ತರು. ಸಮಾಧಾನ ಮಾಡಲು ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ.

ಮುಂದಿನ ವಾರ ಇಬ್ಬರೂ ಅಶ್ಫಾಕ್ ಹತ್ತಿರ ಹೋದರು. ಈ ಸಲ ಮೇಡಂ ಮೊದಲು ಬಾಯಿ ಬಿಟ್ಟರು. ಬೆಳಿಗ್ಗೆ ಎದ್ದು ಮಂಚದ ಮೇಲೆ ಅಕ್ಕಪಕ್ಕ ಮಲಗಿ, ಮಂಡಿ ಮಡಚಿ, ಇಬ್ಬರೂ ಉಸಿರು ಬಿಡುತ್ತಾ ತಳವನ್ನು ಮೇಲೆಳೆದುಕೊಳ್ಳುವುದನ್ನು ನಾನು ಮೇಲಿನಿಂದ ನೋಡಿದ್ದೇನೆ. ಉಸಿರು ಬಿಡುವುದನ್ನು ಕಲಿಯಲು ವಸ್ತಾದರು ಪಟ್ಟ ಕಷ್ಟ ಹೇಳತೀರದು. ಚಳಿಗಾಲ ಕಳೆಯಿತು. ಯುಗಾದಿಯ ಹೊತ್ತಿಗೆ ಅವರು ಅಟ್ಟಿಯಿಂದ ಬಟ್ಟೆ ತೆಗೆಯುವುದು ನಿಂತಿತು. ಮೇಡಂ ಅವರ ಸೋರುವಿಕೆಯೂ ಕಡಿಮೆಯಾಯಿತು. ಆದರೆ ಗರ್ಭಕೋಶ ತೀರಾ ಇಳಿದಿದೆ, ಇನ್ನು ಇದೊಂದರಿಂದ ಆಗುವುದಿಲ್ಲ, ದೊಡ್ಡ ಡಾಕ್ಟರಿಗೆ ತೋರಿಸಿ ಎಂದ ಅಶ್ಫಾಕ್. ಹಬ್ಬ ಮುಗಿಯಲಿ, ಮಳೆ ನಿಲ್ಲಲಿ ಎಂದು ಮೇಡಂ ದಿನ ಮುಂದೂಡುತ್ತಲೇ ಇದ್ದಾರೆ.

ನನಗೂ ವಯಸ್ಸಾಯಿತು. ಪ್ಲಾಸ್ಟಿಕ್ಕು ಹಳದಿಗಟ್ಟಿದೆ, ಮುಂದಿನ ಕಮಾನಿನಲ್ಲಿ ಬಿರುಕು ಬಿಟ್ಟಿದೆ. ಇನ್ನು ನನ್ನನ್ನು ಯಾವ ಶಾಲೆಯೂ ಮುಟ್ಟುವುದಿಲ್ಲ. ಕಪಾಟಿನ ಮೇಲೆ ಧೂಳು ತಿನ್ನುತ್ತಾ ಯೋಚಿಸುತ್ತೇನೆ. ಮನುಷ್ಯರು ಕೈ ಮುರಿದರೆ ಊರಿಗೆಲ್ಲ ತೋರಿಸುತ್ತಾರೆ, ತಲೆನೋವನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ನನ್ನ ಸುತ್ತಿನ ಈ ಗೇಣಗಲ ಜಾಗದ ನೋವನ್ನು ಮಾತ್ರ ಒಂದೇ ಹಾಸಿಗೆಯಲ್ಲಿ ಮಲಗುವವರಿಗೂ ಹೇಳುವುದಿಲ್ಲ. ಸ್ನಾಯು ಸೋತರೆ ಕಲಿಸಬಹುದು. ವಸ್ತಾದರದು ಕಲಿತಿದೆ. ಈಗ ಅವರು ಕೆಮ್ಮಿದರೂ, ಬಗ್ಗಿದರೂ, ಹನಿಯಿಲ್ಲ.

ಈ ವರ್ಷದ ಪಂಚಮಿಗೆ ಯಮನಪ್ಪ ಶಾಲು, ತೆಂಗಿನಕಾಯಿ ಹಿಡಿದು ಕರೆಯಲು ಬಂದ. ವಸ್ತಾದರು ನಸುಕಿನಲ್ಲೇ ಮಿಂದು ಲಂಗೋಟ ಕಟ್ಟಿದ್ದರು. ಮೈಗೆ ಎಣ್ಣೆಯನ್ನೂ ಹಚ್ಚಿದ್ದರು. ಬಾಗಿಲವರೆಗೆ ಹೋದವರು, ಹಳೆ ಮಣ್ಣು ಗಟ್ಟಿಯಾಗಿತ್ತು ಎಂದಿದ್ದ ಯಮನಪ್ಪನ ದನಿ ಕೇಳಿದ್ದೇ ತಿರುಗಿ ಬಂದು ಮಂಚದ ಮೇಲೆ ಕೂತುಬಿಟ್ಟರು. ಮೊಣಕಾಲು ನೋವು, ಬರಲಾಗುವುದಿಲ್ಲ ಎಂದು ಹೇಳಿ ಬಾ ಎಂದರು ಹೆಂಡತಿಗೆ. ಮೇಡಂ ಗಂಡನ ಮುಖ ನೋಡಿದರು, ಹೋಗಿ ಎಂದು ಬೇಡಿಕೊಂಡರು, ಆಮೇಲೆ ಹೋಗಿ ಹೇಳಿದರು. ಯಮನಪ್ಪ ಗುರುವಿನ ಮನೆಯ ಹೊಸ್ತಿಲು ಮುಟ್ಟಿ ನಮಸ್ಕರಿಸಿ ಹೊರಟುಹೋದ. ಸ್ವಲ್ಪ ಹೊತ್ತಿಗೆ ಗರಡಿಯಲ್ಲಿ ಹಲಗೆ ಶುರುವಾಯಿತು.

ಮೇಡಂ ಒಳಗೆ ಬಂದರು. ವಸ್ತಾದರು ಎಣ್ಣೆ ಹಚ್ಚಿದ ತೊಡೆಯ ಮೇಲೆ ಕೈಯೂರಿ ಬಾಗಿಲನ್ನೇ ನೋಡುತ್ತಾ ಕೂತೇ ಇದ್ದರು.

"ನಂಬಿದನೇನು?"

"ನಂಬಿದ್ನ್ರಿ."

"ನಂಬಬಾರದಾಗಿತ್ತು" ಎಂದರು ವಸ್ತಾದರು.